ಗಣೇಶಖಿಂಡ ಮತ್ತು ಯರವಡೆ: ಎರಡು ವಿದ್ಯಾಮಂದಿರಗಳ ವಾಸ್ತುವಿಮರ್ಶೆ

ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡವನ್ನು ಕುರಿತು ಬರೆಯುವವರಲ್ಲಿ ಹಲವರು ಅದನ್ನು 'ಗಾಥಿಕ್ ಶೈಲಿಯ ಭವ್ಯ ಸೌಧ'ವೆಂದು ವರ್ಣಿಸಿ ಮುಂದೆ ಸಾಗುವುದುಂಟು. ಕಟ್ಟಡದ ಎದುರಿಗೆ ಒಮ್ಮೆ ನಿಂತು ಕಮಾನುಗಳನ್ನು ನೋಡಿದವರು ಹೀಗೆ ಬರೆಯಲಾರರು. ಗಾಥಿಕ್ ಶೈಲಿಯ ಮೊದಲ ಲಕ್ಷಣವಾದ ಮೊನೆಗಮಾನು ಅಲ್ಲಿ ಪ್ರಧಾನವಲ್ಲ. ಅರ್ಧವೃತ್ತದ ಕಮಾನುಗಳ ಸಾಲು, ನಿಡಿದಾದ ಅಂತಸ್ತಿನ ರೇಖೆ, ನಡುವೆ ಮೇಲೇಳುವ ಚೌಕ ಗೋಪುರ, ಇವೆಲ್ಲವೂ ಇಟಲಿಯ ಹಳ್ಳಿಗಾಡಿನ ಶ್ರೀಮಂತ ಮಹಲುಗಳನ್ನು ಇಂಗ್ಲೆಂಡಿನವರು ಅನುಕರಿಸಿದ ಶೈಲಿಯವು. ಗಾಥಿಕ್ ಶೈಲಿಯನ್ನು ಪುಣೆಯಲ್ಲಿ ಕಾಣಬಯಸುವವರು ನಗರದ ಇನ್ನೊಂದು ಅಂಚಿಗೆ, ಯರವಡೆಯ ಡೆಕ್ಕನ್ ಕಾಲೇಜಿಗೆ ಹೋಗಬೇಕು. ಈ ಎರಡು ಕಟ್ಟಡಗಳು ಒಂದೇ ಗವರ್ನರನ ಕಾಲದಲ್ಲಿ, ೧೮೬೪ನೆಯ ಒಂದೇ ವರ್ಷದಲ್ಲಿ, ಒಂದೇ ಜಾತಿಯ ಕರಿಗಲ್ಲಿನಲ್ಲಿ ಮೊದಲಾದವು. ಒಂದು ಆಳುವವನ ಮನೆ, ಇನ್ನೊಂದು ಓದುವವನ ಮನೆ. ಕಾಲಾನಂತರ ಮೊದಲನೆಯದೂ ವಿದ್ಯೆಯ ಮನೆಯಾಯಿತು. ಎರಡನ್ನೂ ಜೊತೆಗಿಟ್ಟು ನೋಡಿದ ಹೊರತು ಒಂದರ ಗುಣದೋಷವೂ ಸ್ಪಷ್ಟವಾಗಲಾರದು.

ಪುಣೆಯ ಉತ್ತರಕ್ಕಿರುವ ಚಾಕಣದಿಂದ ನಗರಕ್ಕೆ ಬರಲು ಎರಡು ಹಾದಿಗಳಿವೆ. ಚಾಕಣದಲ್ಲೇ ಒಂದು ಹಳೆಯ ನೆಲಗೋಟೆಯಿದೆ. ೧೬೬೦ರಲ್ಲಿ ಶಾಯಿಸ್ತಾಖಾನನ ಸೇನೆ ಅದನ್ನು ಮುತ್ತಿದಾಗ ಕಿಲ್ಲೇದಾರ ಫಿರಂಗೋಜಿ ನರಸಾಳನು ಸುಮಾರು ಎರಡು ತಿಂಗಳು ಅದನ್ನು ಕಾದುಕೊಂಡನು. ಅಲ್ಲಿಂದ ಎಡದ ಹಾದಿ ಆಳಂದಿಯ ಮೇಲೆ, ವಿಠ್ಠಲನನ್ನು 'ಕಾನಡಾ' ಎಂದು ಕರೆದ ಜ್ಞಾನೇಶ್ವರರ ಸಮಾಧಿಯ ಬಳಿಯಿಂದ, ಯರವಡೆಗೆ ಬರುತ್ತದೆ. ಬಲದ ಹಾದಿ ಭೋಸರಿ, ದಾಪೋಡಿಗಳ ಮೇಲೆ ಖಡಕಿಗೆ ಬಂದು, ಅಲ್ಲಿಂದ ಗಣೇಶಖಿಂಡವನ್ನು ಸೇರುತ್ತದೆ. ಈ ಬಲದ ಹಾದಿಯಲ್ಲಿಯೇ ಮೊದಲ ಕಟ್ಟಡದ ಪೂರ್ವಕಥೆಯಿದೆ.

ಮುಂಬಯಿಯ ಗವರ್ನರರು ಮಳೆಗಾಲವನ್ನು ಪುಣೆಯಲ್ಲಿ ಕಳೆಯುವ ಪದ್ಧತಿಯಿಟ್ಟುಕೊಂಡಿದ್ದರು. ಅದಕ್ಕಾಗಿ ಸರ್ ಜಾನ್ ಮಾಲ್ಕಮನು ೧೮೨೮ರಲ್ಲಿ ದಾಪೋಡಿಯ ಬಂಗಲೆಯನ್ನು ಸರಕಾರಕ್ಕೆ ಕೊಂಡನು. ತೋಟದ ನಡುವಿನ ಆ ಮನೆ ಮೂರು ದಶಕಗಳಿಗೂ ಹೆಚ್ಚು ಕಾಲ ಗವರ್ನರರಿಗೆ ಸಾಕಾಗಿತ್ತು. ೧೮೬೨ರಲ್ಲಿ ಬಂದ ಸರ್ ಬಾರ್ಟಲ್ ಫ್ರಿಯರನಿಗೆ ಅದು ಸಾಲದಾಯಿತು. ಕಾರಣವನ್ನು ಫ್ರಿಯರನ ಸ್ವಭಾವದಲ್ಲಿ ಮಾತ್ರ ಹುಡುಕಬಾರದು. ೧೮೬೧ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಹೊತ್ತಿ, ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತುಹೋದುದರಿಂದ ಪಶ್ಚಿಮ ಭಾರತದ ಹತ್ತಿಗೆ ಎಂದೂ ಇಲ್ಲದ ಬೆಲೆ ಬಂದಿತು. ಧಾರವಾಡ ಸೀಮೆಯ ಎರೆನೆಲದ ಒಕ್ಕಲಿಗನೂ ಆ ಏರಿಕೆಯನ್ನು ಕಂಡವನೇ. ಮುಂಬಯಿಯಲ್ಲಿ ಹಣ ಹೊಳೆಯಾಯಿತು. ಕೋಟೆಯ ಗೋಡೆಗಳನ್ನು ಕೆಡವಿ ಹೊಸ ನಗರವನ್ನು ಕಟ್ಟುವ ಉತ್ಸಾಹ ಹುಟ್ಟಿತು. ಆ ಕೋಟೆ ಕೆಡಹುವ ಸಮಿತಿಗೆ ವಾಸ್ತುಕಾರ್ಯದರ್ಶಿಯಾಗಿದ್ದ ಜೇಮ್ಸ್ ಟ್ರಬ್‌ಶಾನೇ ಗಣೇಶಖಿಂಡದ ಮಹಲಿನ ಶಿಲ್ಪಿ. ೧೮೬೫ರಲ್ಲಿ ಯುದ್ಧ ನಿಂತು, ಹತ್ತಿಯ ಬೆಲೆ ಬಿದ್ದು, ಮುಂಬಯಿಯ ಬ್ಯಾಂಕುಗಳೂ ಕಂಪನಿಗಳೂ ಮುರಿದುಬಿದ್ದವು. ಆದರೆ ಆಗಲೇ ಮೇಲೆದ್ದಿದ್ದ ಗೋಡೆಗಳನ್ನು ಅರ್ಧಕ್ಕೆ ಬಿಡುವುದು ಹೇಗೆ? ಕಟ್ಟಡ ಪೂರ್ಣವಾದುದು ೧೮೭೧ರಲ್ಲಿ, ಫ್ರಿಯರನು ಅಧಿಕಾರ ಬಿಟ್ಟು ನಾಲ್ಕು ವರ್ಷಗಳಾದ ಮೇಲೆ. ಅದರ ಮೇಲಾದ ದುಂದುವೆಚ್ಚ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಅರ್ಥಶಾಸ್ತ್ರಜ್ಞ ಹೆನ್ರಿ ಫಾಸೆಟನ ಕಟುಟೀಕೆಗೆ ಗುರಿಯಾಯಿತು. ಆ ವೆಚ್ಚವನ್ನು ಹೊತ್ತವನು ಇಲ್ಲಿಯ ರೈತನೆಂಬ ಅಂಶ ಆ ಟೀಕೆಗೆ ಬಲಕೊಡುವಂಥದು.

ಸ್ಥಳದ ಆಯ್ಕೆಯೂ ಅರ್ಥವಿಲ್ಲದ್ದಲ್ಲ. ೧೮೧೭ರ ನವೆಂಬರ್ ೫ರಂದು ಪೇಶವೆಯ ಸೈನ್ಯವೂ ಕಂಪನಿಯ ಸೈನ್ಯವೂ ಎದುರುಬದುರಾದ ಖಡಕಿಯ ಬಯಲು ಈ ಖಿಂಡಿಯ ಮಗ್ಗುಲಲ್ಲಿಯೇ ಇದೆ. ಮರಾಠಿಯಲ್ಲಿ 'ಖಿಂಡ' ಎಂದರೆ ಗುಡ್ಡಗಳ ನಡುವಿನ ಕಂಡಿ. ಗೆದ್ದ ನೆಲವನ್ನು ಮೇಲಿನಿಂದ ನೋಡುತ್ತಿರುವಂತೆ ಮಹಲು ನಿಂತಿದೆ.

ಇನ್ನು ಕಟ್ಟಡದ ವಿಚಾರ. ಪ್ರಿನ್ಸ್ ಆಲ್ಬರ್ಟನು ವೈಟ್ ದ್ವೀಪದಲ್ಲಿ ೧೮೪೫ರಿಂದ ೧೮೫೧ರ ವರೆಗೆ ರಾಣಿಗಾಗಿ ಕಟ್ಟಿಸಿದ ಆಸ್ಬರ್ನ್ ಹೌಸಿನ ಛಾಯೆ ಇದರಲ್ಲಿ ಎದ್ದು ಕಾಣುತ್ತದೆ. ಆ ಮನೆಯ ಗೋಪುರಗಳು ಸಮುದ್ರವನ್ನು ನೋಡುತ್ತವೆ; ಗಣೇಶಖಿಂಡದ ಗೋಪುರಕ್ಕೆ ನೋಡಲು ಸಮುದ್ರವಿಲ್ಲ, ಬಾವುಟ ಹಾರಿಸುವುದೇ ಅದರ ಮುಖ್ಯ ಕಾರ್ಯ. ಗವರ್ನರನು ಮನೆಯಲ್ಲಿದ್ದಾನೆಯೇ ಇಲ್ಲವೇ ಎಂಬುದನ್ನು ದೂರದ ದಂಡಿನವರಿಗೆ ತಿಳಿಸುವ ಕಂಬಕ್ಕೆ ಅಷ್ಟು ಕಲ್ಲಿನ ಪೀಠ! ಆದರೂ ಒಪ್ಪಬೇಕಾದ ಮಾತೆಂದರೆ, ಕಟ್ಟಡದ ದೂರದ ನೋಟವನ್ನು ಉಳಿಸಿರುವುದು ಈ ಗೋಪುರವೇ. ಎಡಬಲದ ಅಂಗಗಳು ನೆಲಕ್ಕೆ ಒರಗಿದಂತೆ ಉದ್ದಕ್ಕೆ ಚಾಚಿವೆ. ಗೋಪುರವಿಲ್ಲದಿದ್ದರೆ ಅವು ದಂಡಿನ ಬರಾಕುಗಳಂತೆ ಕಾಣುತ್ತಿದ್ದವು. ಉದ್ದಕ್ಕೂ ಓಡುವ ಕಮಾನುಗಳ ಪಡಸಾಲೆ ಮಳೆಗೂ ಬಿಸಿಲಿಗೂ ತಕ್ಕ ಉತ್ತರ. ಇಟಲಿಯ ಶೈಲಿ ಪುಣೆಗೆ ಒಗ್ಗಿದುದು ಈ ಒಂದು ಅಂಶದಲ್ಲಿ ಎನ್ನಬಹುದು.

ದೋಷವಿರುವುದು ಒಳಗಿನ ವಿನ್ಯಾಸದಲ್ಲಿ. ಗಾಡಿ ಬಂದು ನಿಲ್ಲುವ ಮುಂಗಟ್ಟು, ಅಲ್ಲಿಂದ ದೊಡ್ಡ ಸಭಾಂಗಣ, ಅಲ್ಲಿಂದ ಊಟದ ಶಾಲೆ, ನೃತ್ಯಶಾಲೆ: ಎಲ್ಲವೂ ಮೆರವಣಿಗೆಯ ಕ್ರಮದಲ್ಲಿವೆ. ಅತಿಥಿ ಬರುತ್ತಾನೆ, ನೋಡುತ್ತಾನೆ, ಬೆರಗಾಗುತ್ತಾನೆ, ಹೋಗುತ್ತಾನೆ. ಕುಳಿತು ಕೆಲಸಮಾಡುವವನಿಗೆ, ಇಬ್ಬರು ಮೂವರು ಕೂಡಿ ಮಾತನಾಡುವವರಿಗೆ ಈ ಕ್ರಮದಲ್ಲಿ ಎಡೆಯಿಲ್ಲ. ನೃತ್ಯಶಾಲೆಯನ್ನು ಗ್ರಂಥಾಲಯವಾಗಿ ಕಲ್ಪಿಸಿಕೊಳ್ಳುವುದು ಸುಲಭ; ಆಗಿಸುವುದು ಕಷ್ಟ.

ಕಲ್ಲಿನ ಮಾತಿಗೆ ಬಂದರೆ, ಎರಡು ಕಟ್ಟಡಗಳ ಸಮರ್ಥಕರೂ ಒಂದು ನೆಪವನ್ನು ಹೇಳುವುದುಂಟು: ದಖ್ಖನಿನ ಕರಿಗಲ್ಲು ಬಹು ಗಟ್ಟಿ, ಅದರಲ್ಲಿ ಸೂಕ್ಷ್ಮ ಕೆತ್ತನೆ ಸಾಧ್ಯವಿಲ್ಲ, ಆದುದರಿಂದ ಗೋಡೆಗಳು ಸಾದಾ ಆಗಿ ಉಳಿದವು ಎಂದು. ಬೇಲೂರು ಹಳೇಬೀಡುಗಳ ಬಳಪದ ಕಲ್ಲನ್ನು, ಬಾದಾಮಿ ಪಟ್ಟದಕಲ್ಲುಗಳ ಮರಳುಗಲ್ಲನ್ನು ಕಂಡ ಕನ್ನಡಿಗನು ಇದನ್ನು ನಂಬಿಬಿಡುವ ಸಂಭವವಿದೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವಂಥದು; ಅದಕ್ಕೂ ಇದಕ್ಕೂ ಹೋಲಿಕೆಯಿಲ್ಲ ನಿಜ. ಆದರೆ ಎಲ್ಲೋರದ ಕೈಲಾಸವನ್ನು ಮರೆಯಲಾದೀತೇ? ೮ನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದಲ್ಲಿ ಇಡೀ ಗುಡ್ಡವನ್ನು ಮೇಲಿನಿಂದ ಕಡೆದು ತೆಗೆದ ಆ ದೇಗುಲ ಇದೇ ದಖ್ಖನಿನ ಕರಿಗಲ್ಲಿನದು. ಅಷ್ಟು ದೂರವೇಕೆ, ಪುಣೆಯ ಶಿವಾಜಿನಗರದಲ್ಲಿ, ವಿಶ್ವವಿದ್ಯಾಲಯದಿಂದ ಕೆಲವೇ ಮೈಲಿಗಳಲ್ಲಿ, ರಾಷ್ಟ್ರಕೂಟರ ಕಾಲದ ಪಾತಾಳೇಶ್ವರ ಗುಹಾಲಯವಿದೆ. ಅದರ ಮುಂದಿನ ದುಂಡನೆಯ ನಂದಿಮಂಟಪ ಅಪರೂಪದ್ದು. ಚೌಕ ಕಂಬಗಳಲ್ಲಿ ಅಲಂಕಾರವಿಲ್ಲ, ತೂಕವಿದೆ. ಪುಣೆಯ ಕಲ್ಲನ್ನು ಸಾದಾ ಆಗಿಯೇ ಇಟ್ಟು ಗಾಂಭೀರ್ಯ ಸಾಧಿಸುವುದು ಹೇಗೆಂಬುದಕ್ಕೆ ಅದು ಮಾದರಿ. ಟ್ರಬ್‌ಶಾ ಅದನ್ನು ಗಮನಿಸಿದ್ದ ಗುರುತು ಅವನ ಕಟ್ಟಡದಲ್ಲಿ ಎಲ್ಲಿಯೂ ಇಲ್ಲ. ಆಗ ಆಂಗ್ಲ ಶಿಲ್ಪಿಗಳು ಇಟಲಿಯನ್ನು ಚೆನ್ನಾಗಿ ಬಲ್ಲರು. ಎರಡು ಹರದಾರಿಯೊಳಗಿನದನ್ನು ನೋಡುವ ಅಗತ್ಯ ಅವರಿಗೆ ತೋರಲಿಲ್ಲ.

೧೮೯೭ರ ಜೂನ್ ೨೨ರಂದು ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಸಮಾರಂಭ ಈ ಮಹಲಿನಲ್ಲಿ ನಡೆಯಿತು. ಪ್ಲೇಗಿನ ಕಾಲದಲ್ಲಿ ಮನೆಮನೆ ಶೋಧನೆಯಿಂದ ಜನರ ರೋಷಕ್ಕೆ ಪಾತ್ರನಾಗಿದ್ದ ಅಧಿಕಾರಿ ರ‍್ಯಾಂಡನು ಸಮಾರಂಭ ಮುಗಿಸಿ ಹಿಂದಿರುಗುವಾಗ ಗಣೇಶಖಿಂಡದ ರಸ್ತೆಯಲ್ಲಿ ಚಾಪೇಕರ ಸೋದರರ ಗುಂಡಿಗೆ ಗುರಿಯಾದನು. ಹಿಂದಿನ ಗಾಡಿಯಲ್ಲಿದ್ದ ಲೆಫ್ಟಿನೆಂಟ್ ಆಯರ್ಸ್ಟನೂ ಸತ್ತನು. ದಾಮೋದರ ಚಾಪೇಕರರಿಗೆ ೧೮೯೮ರಲ್ಲಿ ಗಲ್ಲಾಯಿತು. ಮೆರವಣಿಗೆಗೆಂದು ಕಟ್ಟಿದ ಕಟ್ಟಡ, ಮೆರವಣಿಗೆಗೆಂದು ಮಾಡಿದ ರಸ್ತೆ. ಚರಿತ್ರೆಯು ಆ ರಸ್ತೆಯಲ್ಲಿಯೇ ಕಾದು ಕುಳಿತಿತ್ತು.

ಸ್ವಾತಂತ್ರ್ಯಾನಂತರ ಮುಂಬಯಿ ಸರಕಾರ ಪ್ರಾದೇಶಿಕ ವಿಶ್ವವಿದ್ಯಾಲಯಗಳನ್ನು ಸ್ಥಾಪಿಸುವ ನೀತಿಯನ್ನು ಹಿಡಿಯಿತು. ೧೯೪೮ರ ಕಾಯಿದೆಯಂತೆ ೧೯೪೯ರ ಫೆಬ್ರವರಿ ೧೦ರಂದು ಪುಣೆ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಿತು. ಮೊದಲ ಕುಲಪತಿ ಡಾ. ಮುಕುಂದರಾವ್ ಜಯಕರರ ಕಾಲದಲ್ಲಿ ಗವರ್ನರನ ಮಹಲೂ ಅದರ ಸುತ್ತಲಿನ ಸುಮಾರು ೪೧೧ ಎಕರೆ ನೆಲವೂ ವಿಶ್ವವಿದ್ಯಾಲಯದ ಪಾಲಿಗೆ ಬಂದವು. ಇದು ಕನ್ನಡಿಗರಿಗೆ ಹೊರಗಿನ ಸುದ್ದಿಯಲ್ಲ. ೧೯೬೨ರಲ್ಲಿ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ ಹುಟ್ಟುವವರೆಗೆ ಸಾಂಗಲಿ ಸೊಲ್ಲಾಪುರಗಳ ಕಾಲೇಜುಗಳು ಪುಣೆಗೇ ಸೇರಿದ್ದವು. ಜತ್ತ, ಅಕ್ಕಲಕೋಟೆಗಳ ಕನ್ನಡ ಮನೆಗಳಿಂದ ಆ ಕಾಲೇಜುಗಳಿಗೆ ಹೋದ ಹುಡುಗರ ಪದವಿಪತ್ರಗಳು ಈ ಗೋಪುರದ ಕೆಳಗಿನಿಂದಲೇ ಹೊರಟವು. ಅದೇ ೧೯೪೯ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವೂ ಮುಂಬಯಿಯಲ್ಲಿ ಹುಟ್ಟಿ, ಮರುವರ್ಷ ಧಾರವಾಡಕ್ಕೆ ಬಂದಿತು.

ಅರಮನೆಯನ್ನು ವಿದ್ಯೆಗೆ ಬಿಟ್ಟುಕೊಡುವುದು ಹೊಸತಲ್ಲ. ಧಾರವಾಡದ ಕರ್ನಾಟಕ ಕಾಲೇಜು ೧೯೧೭ರಲ್ಲಿ ಆರಂಭವಾದ ಮೇಲೆ ನೆಲೆನಿಂತುದು ಸದರ್ನ್ ಮರಾಠಾ ರೈಲ್ವೆಯ ಹಳೆಯ ಕಚೇರಿಯಲ್ಲಿ. ಮೈಸೂರಿನಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ೧೯೦೫ರಲ್ಲಿ ಕಟ್ಟಿದ ಮಹಲು ಮಾನಸಗಂಗೋತ್ರಿಯ ಪಾಲಾಗಿ ಜಾನಪದ ವಸ್ತುಸಂಗ್ರಹಾಲಯವಾಯಿತು. ಈ ಎರಡರಲ್ಲಿ ರೈಲ್ವೆ ಕಚೇರಿಯೇ ಕಾಲೇಜಿಗೆ ಹೆಚ್ಚು ಒಗ್ಗಿತೆಂಬುದು ಗಮನಾರ್ಹ; ಸಾಲುಕೋಣೆ, ಸಾಲುಪಡಸಾಲೆಗಳಲ್ಲಿ ಗುಮಾಸ್ತನ ಬದಲು ವಿದ್ಯಾರ್ಥಿ ಕುಳಿತರೆ ಗೋಡೆಗೆ ಬಾಧೆಯಿಲ್ಲ. ಅರಮನೆ ಹಾಗೆ ಮಣಿಯುವುದಿಲ್ಲ. ಗಣೇಶಖಿಂಡದಲ್ಲಿಯೂ ಮಹಲು ಆಡಳಿತದ ಕಚೇರಿಯಾಯಿತು, ಪಾಠ ಪ್ರಯೋಗಗಳು ಸುತ್ತಲಿನ ಹೊಸ ಕಟ್ಟಡಗಳಿಗೆ ಹೋದವು. ಆಳುವವರ ಮನೆಯಲ್ಲಿ ಆಳುವ ಕೆಲಸವೇ ಉಳಿದುಕೊಂಡಿತು. (ಧಾರವಾಡದಲ್ಲಿ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಹೊಸ ವಿಶ್ವವಿದ್ಯಾಲಯವನ್ನು ಬೆಳೆಸಿದ ಡಾ. ಪಾವಟೆಯವರು ೧೯೬೭ರಲ್ಲಿ ಪಂಜಾಬದ ರಾಜ್ಯಪಾಲರಾಗಿ ರಾಜಭವನಕ್ಕೆ ಹೋದರು. ಪುಣೆಯಲ್ಲಿ ರಾಜಭವನವೇ ವಿಶ್ವವಿದ್ಯಾಲಯಕ್ಕೆ ಬಂದಿತ್ತು.) ೨೦೧೪ರಲ್ಲಿ ವಿಶ್ವವಿದ್ಯಾಲಯಕ್ಕೆ ಸಾವಿತ್ರಿಬಾಯಿ ಫುಲೆಯವರ ಹೆಸರನ್ನಿಟ್ಟರು. ೧೮೪೮ರಲ್ಲಿ ಭಿಡೆವಾಡೆಯ ಇಕ್ಕಟ್ಟಿನಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದವರ ಹೆಸರು ಫ್ರಿಯರನ ನೃತ್ಯಶಾಲೆಯ ಮೇಲೆ ಏರಿದುದು ನ್ಯಾಯವೇ. ಕಟ್ಟಡದ ರೂಪಕ್ಕೂ ಹೆಸರಿನ ಅರ್ಥಕ್ಕೂ ಇರುವ ಬಿರುಕು ಮಾತ್ರ ಕಣ್ಣಿಗೆ ಕಾಣುವಂತಿದೆ.

ಇನ್ನು ಎಡದ ಹಾದಿಯ ಕಟ್ಟಡ. ಡೆಕ್ಕನ್ ಕಾಲೇಜಿನ ಮೂಲವೂ ಒಂದು ಅರಮನೆಯಲ್ಲಿಯೇ ಇದೆಯೆಂಬುದು ವಿಚಿತ್ರ. ಪೇಶವಾಯಿ ಅಳಿದ ಮೂರು ವರ್ಷಕ್ಕೆ, ೧೮೨೧ರಲ್ಲಿ, ದಕ್ಷಿಣಾ ನಿಧಿಯ ಹಣದಿಂದ ಇಂಗ್ಲಿಷ್ ಸರಕಾರವು ಎರಡನೆಯ ಬಾಜಿರಾಯನ ವಿಶ್ರಾಮಬಾಗ ವಾಡೆಯಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆಯಿತು. ಆಗ ಪ್ರವೇಶ ಬ್ರಾಹ್ಮಣ ವಿದ್ಯಾರ್ಥಿಗಳಿಗೆ ಮಾತ್ರ. ೧೮೫೧ರಲ್ಲಿ ಅದು ಪೂನಾ ಕಾಲೇಜಾಗಿ, ೧೮೬೪ರಲ್ಲಿ ಡೆಕ್ಕನ್ ಕಾಲೇಜೆಂಬ ಹೆಸರನ್ನು ಪಡೆಯಿತು. ಜಮ್‌ಶೇಟ್‌ಜೀ ಜೀಜೀಭಾಯಿ ಮನೆತನದ ದಾನದಿಂದ ಯರವಡೆಯ ದಿಣ್ಣೆಯ ಮೇಲೆ ಹೊಸ ಕಟ್ಟಡ ಎದ್ದಿತು. ಅಸ್ತಿಭಾರವಿಟ್ಟವನು ಅದೇ ಫ್ರಿಯರ್, ತೆರೆದುದು ೧೮೬೮ರಲ್ಲಿ. ಶಿಲ್ಪಿ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್, ದಂಡಿನ ಎಂಜಿನಿಯರು. ಪುಣೆಯ ಸಸೂನ್ ಆಸ್ಪತ್ರೆ, ಯಹೂದಿಗಳ ಲಾಲ್ ದೇವಳ, ಮುಂಬಯಿಯ ಹಳೆಯ ಸೆಕ್ರೆಟೇರಿಯಟ್ ಇವು ಅವನವೇ.

ವಿಲ್ಕಿನ್ಸನ ಗಾಥಿಕ್ ಎರವಲಿನದೇ. ಮೊನೆಗಮಾನು, ಕಡಿದಾದ ಮಾಡು, ಗೋಪುರ, ಇವೆಲ್ಲ ಆಕ್ಸಫರ್ಡಿನ ನೆನಪುಗಳು. ಚೌಕವನ್ನು ನಡುವೆ ಬಿಟ್ಟು ಸುತ್ತ ಮನೆಕಟ್ಟುವ ಪುಣೆಯ ವಾಡೆಯ ಪದ್ಧತಿಯನ್ನು ಅವನು ಅರಿತು ಬಳಸಿದ್ದರೆ ಕಟ್ಟಡ ಇನ್ನೂ ಬೇರೆಯಾಗುತ್ತಿತ್ತು. ಆದರೂ ಟ್ರಬ್‌ಶಾನಿಗಿಲ್ಲದ ಒಂದು ಅನುಕೂಲ ಅವನಿಗಿತ್ತು: ಯಾರಿಗಾಗಿ ಕಟ್ಟುತ್ತಿದ್ದೇನೆಂಬುದು ಗೊತ್ತಿತ್ತು. ಕೋಣೆಯಿಂದ ಕೋಣೆಗೆ ಮಳೆಯಲ್ಲಿ ನೆನೆಯದೆ ಹೋಗುವ ಪಡಸಾಲೆ, ಪಡಸಾಲೆಯಲ್ಲಿ ನಿಂತು ವಾದಿಸುವಷ್ಟು ಅಗಲ, ಒಳಗಿನ ನೆರಳಿನಿಂದ ಹೊರಗಿನ ಮರಗಳಿಗೆ ದೃಷ್ಟಿ, ಇವೆಲ್ಲ ದಿನವಿಡೀ ಅಲ್ಲಿಯೇ ಇರುವವನಿಗಾಗಿ ಮಾಡಿದವು. ವಿದ್ಯಾರ್ಥಿಗಳ ವಸತಿಯೂ ಅಲ್ಲೇ ಇತ್ತು. ಬಾಳ ಗಂಗಾಧರ ಟಿಳಕರು ಇದ್ದ ಕೋಣೆಯನ್ನು ನೆನಪಿಗಾಗಿ ಕಾಪಾಡಿದ್ದಾರೆ. ಇಂದಿಗೂ ಅಲ್ಲಿ ನಡೆಯುವುದು ಓದುವ ಬರೆಯುವ ಕೆಲಸವೇ ಎಂಬುದು ಶಿಲ್ಪಿಗೆ ಸಲ್ಲಬೇಕಾದ ಮೆಚ್ಚುಗೆ.

ಕಟ್ಟಡ ಉಳಿದುದು ಕಲ್ಲಿನ ಬಲದಿಂದ ಮಾತ್ರವಲ್ಲ. ೧೯೩೪ರಲ್ಲಿ ಸರಕಾರ ಮಿತವ್ಯಯದ ಕಾರಣ ಹೇಳಿ ಕಾಲೇಜನ್ನು ಮುಚ್ಚಿತು. ಹಳೆಯ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ; ದಾನವು ವಿದ್ಯೆಗಾಗಿ ಕೊಟ್ಟದ್ದು, ಅದನ್ನು ಬೇರೆಡೆಗೆ ತಿರುಗಿಸುವಂತಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. ಅದರ ಫಲವಾಗಿ ೧೯೩೯ರ ಆಗಸ್ಟ್ ೧೭ರಂದು ಅದು ಸ್ನಾತಕೋತ್ತರ ಸಂಶೋಧನ ಸಂಸ್ಥೆಯಾಗಿ ಮತ್ತೆ ತೆರೆಯಿತು. ೧೯೯೦ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಪದವಿಯೂ ದೊರೆಯಿತು.

ಕನ್ನಡದ ದೃಷ್ಟಿಯಿಂದ ನೋಡಿದರೆ ಈ ಕಟ್ಟಡದ ಮಹತ್ವವನ್ನು ಪುಣೆಯ ಕನ್ನಡಿಗರು ಇನ್ನೂ ಪೂರ್ತಿಯಾಗಿ ಗುರುತಿಸಿಲ್ಲವೆನ್ನಬೇಕಾಗುತ್ತದೆ. ಪುಣೆಯ ವಿದ್ಯೆ ಎಂದೊಡನೆ ಗಣೇಶಖಿಂಡದ ಗೋಪುರವೂ, ಆಲೂರ ವೆಂಕಟರಾಯರು ಮತ್ತು ಬೇಂದ್ರೆಯವರು ಕಲಿತ ಫರ್ಗ್ಯುಸನ್ ಕಾಲೇಜೂ ನೆನಪಾಗುತ್ತವೆ. ಆದರೆ ಡಾ. ರಾಮಕೃಷ್ಣ ಗೋಪಾಳ ಭಾಂಡಾರಕರರು ಚಾಲುಕ್ಯ ರಾಷ್ಟ್ರಕೂಟರ ವಂಶಕ್ರಮವನ್ನು ಹೊಂದಿಸಿ ದಖ್ಖನಿನ ಪ್ರಾಚೀನ ಚರಿತ್ರೆಯನ್ನು ೧೮೮೪ರಲ್ಲಿ ಹೊರತಂದುದು ಅವರು ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದಾಗ. ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವನ್ನು ೧೮೯೮ರಲ್ಲಿ ಸಂಪಾದಿಸಿ ಬೆಳಕಿಗೆ ತಂದ ಕಾಶಿನಾಥ ಬಾಪೂಜಿ ಪಾಠಕರೂ ಇದೇ ಕಾಲೇಜಿನ ಸಂಸ್ಕೃತ ಅಧ್ಯಾಪಕರು. ಕೈಲಾಸವನ್ನು ಕಡೆಯಿಸಿದ ರಾಜವಂಶದ ಗ್ರಂಥ, ಅದೇ ಕಲ್ಲಿನ ಪಡಸಾಲೆಗಳಲ್ಲಿ ಓಡಾಡಿದ ವಿದ್ವಾಂಸನ ಕೈಯಿಂದ ಹೊರಬಂದಿತು. ಜಮಖಂಡಿಯ ರಾಮಚಂದ್ರ ದತ್ತಾತ್ರೇಯ ರಾನಡೆಯವರು, ಬಿಜಾಪುರ ಸೀಮೆಯ ಆದ್ಯ ರಂಗಾಚಾರ್ಯರು, ಅಂದರೆ ನಾಟಕಕಾರ ಶ್ರೀರಂಗರು, ಇಲ್ಲಿಯೇ ಓದಿದವರು.

೧೯೩೯ರ ನಂತರದ ಕೆಲಸ ಇನ್ನೂ ದೊಡ್ಡದು. ಡಾ. ಜಿ. ಎಸ್. ಗಾಯಿಯವರ ಹಳಗನ್ನಡದ ಐತಿಹಾಸಿಕ ವ್ಯಾಕರಣ ೧೯೪೬ರಲ್ಲಿ ಇಲ್ಲಿಂದ ಪ್ರಕಟವಾಯಿತು. ಶಾಸನಗಳ ಭಾಷೆಯನ್ನು ಶತಮಾನದಿಂದ ಶತಮಾನಕ್ಕೆ ಹಿಂಬಾಲಿಸುವ ಆ ಗ್ರಂಥವನ್ನು ಬಳಸದೆ ಹಳಗನ್ನಡದ ವಿಚಾರ ಮಾತನಾಡುವುದು ಕಷ್ಟ. ಬಳ್ಳಾರಿಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಸುಬ್ಬರಾಯರ ಪ್ರಬಂಧ ೧೯೪೮ರಲ್ಲಿ ಬಂದಿತು. ತೆಕ್ಕಲಕೋಟೆಯ ಉತ್ಖನನ, ಹುಣಸಗಿಯ ಆದಿಮಾನವನ ನೆಲೆಗಳ ಶೋಧ ಇದೇ ಸಂಸ್ಥೆಯವರ ಕೈಯಿಂದ ನಡೆದವು. ವಿಲಿಯಂ ಬ್ರೈಟ್‌ನ ಆಡುಗನ್ನಡದ ಸ್ವರೂಪವಿವೇಚನೆ ೧೯೫೮ರದು. ಬಳಿಕ ಹಾಲಕ್ಕಿ ಒಕ್ಕಲಿಗರ ಕನ್ನಡವನ್ನು ಆಚಾರ್ಯರು (೧೯೬೭), ನಂಜನಗೂಡಿನ ಕನ್ನಡವನ್ನು ಉ. ಪಿ. ಉಪಾಧ್ಯಾಯರು (೧೯೬೮), ಕಲಬುರ್ಗಿಯ ಕನ್ನಡವನ್ನು ಮಹಾದೇವನ್ನರು (೧೯೬೮) ವರ್ಣಿಸಿದರು, ಡಿ. ಎನ್. ಶಂಕರ ಭಟ್ಟರು ತುಳುವನ್ನು (೧೯೬೭) ವಿಶ್ಲೇಷಿಸಿದರು. ಒಂದೆಡೆ ಅಂಕೋಲೆ ಕುಮಟೆಗಳ ಕಡಲ ತೀರದ ಮಾತು, ಇನ್ನೊಂದೆಡೆ ಕಪಿಲೆಯ ದಡದ ಮಾತು, ಮತ್ತೊಂದೆಡೆ ಬಹಮನಿಗಳ ಹಳೆಯ ರಾಜಧಾನಿಯ ಮಾತು: ಇವೆಲ್ಲ ಒಂದೇ ಸಾಲಿನಲ್ಲಿ ಅಚ್ಚಾದುದು ಕನ್ನಡ ನಾಡಿನಲ್ಲಲ್ಲ, ಯರವಡೆಯಲ್ಲಿ.

ಈ ಹೊತ್ತಗೆಗಳೆಲ್ಲ ಇಂಗ್ಲಿಷಿನಲ್ಲಿವೆ, ಉಚ್ಚಾರಣೆಯನ್ನು ರೋಮನ್ ಲಿಪಿಯ ವಿಶೇಷ ಚಿಹ್ನೆಗಳಲ್ಲಿ ಬರೆದವು. ಮಾತು ಕೊಟ್ಟ ಹಾಲಕ್ಕಿಯವನಿಗಾಗಲಿ ನಂಜನಗೂಡಿನ ಒಕ್ಕಲಿಗನಿಗಾಗಲಿ ತನ್ನ ಮಾತು ಅಲ್ಲಿ ಯಾವ ರೂಪದಲ್ಲಿದೆಯೆಂದು ಓದಲು ಬರಲಾರದು. ಶಾಸ್ತ್ರಕ್ಕೆ ಆ ಚಿಹ್ನೆಗಳು ಬೇಕು, ವಿರೋಧಿಸುವಂತಿಲ್ಲ. ಆದರೆ ಶಾಸ್ತ್ರದಿಂದ ಭಾಷೆಗೆ ಹಿಂದಿರುಗುವ ಹಾದಿಯೂ ಇದೆಯೆಂಬುದನ್ನು ಶಂಕರ ಭಟ್ಟರೇ ತೋರಿಸಿದರು. ಡೆಕ್ಕನ್ ಕಾಲೇಜಿನಲ್ಲಿ ವರ್ಷಗಟ್ಟಲೆ ದುಡಿದ ಅವರು ಮುಂದೆ ಕನ್ನಡದಲ್ಲಿಯೇ ಬರೆಯುತ್ತ, ಕನ್ನಡಕ್ಕೆ ಸಂಸ್ಕೃತದ ಅಚ್ಚಿನದಲ್ಲದ ತನ್ನದೇ ವ್ಯಾಕರಣ ಬೇಕೆಂಬ ವಾದವನ್ನು ೨೦೨೩ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅವರ ತೀರ್ಮಾನಗಳನ್ನು ಒಪ್ಪದವರು ಬಹಳ ಮಂದಿ. ಅವರಂತೆ ಯರವಡೆಯ ವಿದ್ಯೆಯನ್ನು ಕನ್ನಡಕ್ಕೆ ತಂದವರು ಕಡಮೆ.

ಹಾಲಕ್ಕಿ, ನಂಜನಗೂಡು, ಕಲಬುರ್ಗಿ ಈ ಮೂರು ಹೊತ್ತಗೆಗಳಲ್ಲಿ ಕೂಡಿಬಂದ ಶಬ್ದಸಂಪತ್ತನ್ನಾದರೂ ಕನ್ನಡ ಲಿಪಿಗೆ ಇಳಿಸಿ ಒಂದು ಸಂಪುಟವಾಗಿ ಅಚ್ಚುಹಾಕಿಸಬಹುದು. ಬೆಂಗಳೂರಿನವರಿಗಿಂತ ಈ ಕೆಲಸ ಪುಣೆಯ ಕನ್ನಡಿಗರಿಗೆ ಹತ್ತಿರದ್ದು. ಗ್ರಂಥಾಲಯ ಊರಿನಲ್ಲಿಯೇ ಇದೆ, ಆಳಂದಿಯ ಹಾದಿಯಲ್ಲಿ.